‘ಸ್ವೀಟ್’ ಎಂದರೆ ಸಿಹಿ, ಅಷ್ಟೇನಾ?

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಮಕ್ಕಳಿಗೆ ಸಿಹಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳದ್ದೇ ಸಾಲು. ಗಾಳಿಯಲ್ಲಿ ಕುದಿಯುವ ರಸದ ವಾಸನೆ. ಹತ್ತಿರದ ಮಹಾಲಿಂಗಪುರವಂತೂ ಬೆಲ್ಲದ ಪೇಟೆಗೆ ಹೆಸರಾದ ಊರು. ಇಂಥ ನೆಲದ ಹುಡುಗನನ್ನೋ ಹುಡುಗಿಯನ್ನೋ ಕರೆದು ಇಂಗ್ಲಿಷಿನ ‘ಸ್ವೀಟ್’ ಎಂಬ ಶಬ್ದದ ಅರ್ಥವೇನೆಂದು ಕೇಳಿದರೆ ‘ಸಿಹಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪಲ್ಲ. ಆದರೆ ಅದೇ ವಿದ್ಯಾರ್ಥಿಗೆ ‘ಸ್ವೀಟ್ ವಾಟರ್’, ‘ಸ್ವೀಟ್ ಮಿಲ್ಕ್’, ‘ಸ್ವೀಟ್ ಸಾಯಿಲ್’, ‘ಸ್ವೀಟ್ ಕ್ರೂಡ್’ ಎಂಬ ನಾಲ್ಕು ಮಾತು ಕೊಟ್ಟು ಕನ್ನಡಕ್ಕೆ ತನ್ನಿ ಎಂದರೆ ಸಕ್ಕರೆ ಹಾಕಿದ ನೀರು, ಸಕ್ಕರೆ ಹಾಕಿದ ಹಾಲು, ಸಿಹಿ ಮಣ್ಣು, ಸಿಹಿ ಎಣ್ಣೆ ಎಂದು ಬರೆದುಬಿಡುವ ಸಂಭವವೇ ಹೆಚ್ಚು. ನಾಲ್ಕೂ ಉತ್ತರ ತಪ್ಪು!

ಒಂದು ಶಬ್ದಕ್ಕೆ ಒಂದೇ ಅರ್ಥ ಎಂದು ಗೈಡಿನಿಂದ ಬಾಯಿಪಾಠ ಮಾಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಕನ್ನಡ ಮಾಧ್ಯಮದ ಮಕ್ಕಳು ಪಿ.ಯು. ವಿಜ್ಞಾನ ತರಗತಿಗೆ ಬಂದಾಗ ಎಡವುವುದು ಅನೇಕ ವೇಳೆ ದೊಡ್ಡ ದೊಡ್ಡ ಪಾರಿಭಾಷಿಕ ಶಬ್ದಗಳಲ್ಲಿ ಅಲ್ಲ. ಅವಕ್ಕೆ ಪುಸ್ತಕದಲ್ಲಿಯೇ ವ್ಯಾಖ್ಯೆ ಇರುತ್ತದೆ. ‘ಗೊತ್ತು’ ಎಂದುಕೊಂಡ ಸಣ್ಣ ಶಬ್ದಗಳೇ ಮೋಸ ಮಾಡುತ್ತವೆ. ಅಂಥ ಒಂದು ಗುಣವಾಚಕ ಈ ‘ಸ್ವೀಟ್’. ಇದರ ಹುಟ್ಟು, ಬಳಗ, ಬದಲಾದ ಅರ್ಥಗಳನ್ನು ನೋಡಿದರೆ ಇಂಗ್ಲಿಷಿನ ಭಯ ಕಡಿಮೆಯಾಗುವುದಷ್ಟೇ ಅಲ್ಲ, ಕನ್ನಡದ ಬಗೆಗೂ ಹೊಸ ತಿಳಿವು ಬರುತ್ತದೆ.

ನಮ್ಮ ‘ಸ್ವಾದ’ದ ಬಂಧು

1786ರ ಫೆಬ್ರುವರಿ 2ರಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ ಏಷಿಯಾಟಿಕ್ ಸೊಸೈಟಿಯಲ್ಲಿ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಒಂದೇ ಮೂಲದಿಂದ ಕವಲೊಡೆದಿರಬೇಕು ಎಂಬುದು ಅವರ ಮಾತಿನ ತಿರುಳು. ಇಂಗ್ಲಿಷೂ ಅದೇ ಮನೆತನಕ್ಕೆ ಸೇರಿದ್ದು. ಮನೆತನ ಒಂದೇ ಆದರೂ ಮನೆಗಳು ಬೇರೆಯಾದ ಮೇಲೆ ಉಚ್ಚಾರ ಬದಲಾಗುತ್ತ ಹೋಯಿತು. ಆದರೆ ಈ ಬದಲಾವಣೆ ಮನಸ್ಸಿಗೆ ಬಂದಂತೆ ಆದದ್ದಲ್ಲ, ಅದಕ್ಕೊಂದು ನಿಯಮವಿದೆ. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಆ ನಿಯಮವನ್ನು ವಿವರಿಸಿದರು. ಅದರಂತೆ ಸಂಸ್ಕೃತದಲ್ಲಿ ‘ದ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಟ’ ಬರುತ್ತದೆ: ದಶ – ಟೆನ್, ದಂತ – ಟೂತ್, ದ್ವಿ – ಟೂ. ಈಗ ‘ಸ್ವಾದು’ ಎಂಬ ಸಂಸ್ಕೃತ ಶಬ್ದವನ್ನು ತೆಗೆದುಕೊಂಡು ‘ದ’ದ ಜಾಗದಲ್ಲಿ ‘ಟ’ ಇಟ್ಟು ನೋಡಿ. ‘ಸ್ವೀಟ್’ನ ಹತ್ತಿರಕ್ಕೇ ಬಂದಿರುತ್ತೀರಿ! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ‘ಸ್ವೇಟೆ’ ಎಂದಿತ್ತು.

ಲ್ಯಾಟಿನ್ ಮನೆಯಲ್ಲಿ ಇದೇ ಶಬ್ದ ‘ಸುಆವಿಸ್’ ಆಯಿತು. ನಯನಾಜೂಕಿನ ಮನುಷ್ಯನನ್ನು ಇಂಗ್ಲಿಷಿನಲ್ಲಿ ‘ಸ್ವಾವ್’ ಎನ್ನುವುದು ಅದರಿಂದ. ಒಬ್ಬರಿಗೆ ಒಂದು ಮಾತು ಹಿತವಾಗುವಂತೆ ಮಾಡುವುದು, ಅಂದರೆ ಒಪ್ಪಿಸುವುದು, ‘ಪರ್ಸ್ವೇಡ್’. ಅದೂ ಇದೇ ಬಳಗದ್ದು. ಗ್ರೀಕ್ ಮನೆಯಲ್ಲಿ ಮೊದಲಿನ ‘ಸ’ ಹೋಗಿ ‘ಹ’ ಬಂದು ‘ಹೇಡಿಸ್’ ಆಯಿತು. ಸುಖವೇ ಸರ್ವಸ್ವ ಎನ್ನುವ ‘ಹೆಡೊನಿಸಂ’ ಎಂಬ ಶಬ್ದ ಅದೇ ಬೇರಿನದು. ‘ಸ’ ಹೋಗಿ ‘ಹ’ ಬರುವುದು ವಿಚಿತ್ರವೆನಿಸಿದರೆ ನಮ್ಮ ಹಳಗನ್ನಡದ ‘ಪಾಲು’ ‘ಹಾಲು’ ಆದದ್ದನ್ನು, ‘ಪಾವು’ ‘ಹಾವು’ ಆದದ್ದನ್ನು ನೆನೆದರೆ ಸಾಕು. ಯಾವ ಭಾಷೆಯಲ್ಲೇ ಆಗಲಿ, ಧ್ವನಿಗಳು ಹೀಗೆ ಸಾಲಾಗಿ ಬದಲಾಗುತ್ತವೆ.

ಕನ್ನಡ ದ್ರಾವಿಡ ಭಾಷೆ; ನಮ್ಮ ಸ್ವಂತದ ‘ಸಿಹಿ’, ‘ಸವಿ’ಗಳಿಗೆ ‘ಸ್ವೀಟ್’ ಜೊತೆ ರಕ್ತಸಂಬಂಧವಿಲ್ಲ. ಆದರೆ ಸಂಸ್ಕೃತದಿಂದ ನಾವು ಪಡೆದ ‘ಸ್ವಾದ’, ‘ಸ್ವಾದಿಷ್ಟ’ ಶಬ್ದಗಳಿಗೆ ಇದೆ. ಈ ‘ಸ್ವಾದಿಷ್ಟ’ದ ಕತೆ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷಿನಲ್ಲಿ ಸ್ವೀಟ್, ಸ್ವೀಟರ್, ಸ್ವೀಟೆಸ್ಟ್ ಎಂದು ಮೂರು ಮೆಟ್ಟಿಲನ್ನು ವಿದ್ಯಾರ್ಥಿಗಳು ಕಲಿಯುತ್ತಾರಷ್ಟೆ. ಕೊನೆಯ ಮೆಟ್ಟಿಲಿನ ‘ಎಸ್ಟ್’ ಮತ್ತು ಸಂಸ್ಕೃತದ ‘ಇಷ್ಠ’ ಎರಡೂ ಒಂದೇ ಪ್ರತ್ಯಯ. ಕನಿಷ್ಠ, ಗರಿಷ್ಠ, ಶ್ರೇಷ್ಠ ಎಂದು ನಾವು ದಿನವೂ ಬಳಸುವ ಶಬ್ದಗಳಲ್ಲಿ ಇರುವುದು ಅದೇ. ಆ ಲೆಕ್ಕದಲ್ಲಿ ‘ಸ್ವಾದಿಷ್ಠ’ ಎಂದರೆ ಅಕ್ಷರಶಃ ‘ಸ್ವೀಟೆಸ್ಟ್’, ಎಲ್ಲಕ್ಕಿಂತ ಸಿಹಿಯಾದದ್ದು. ಕನ್ನಡಕ್ಕೆ ಬಂದು ‘ಸ್ವಾದಿಷ್ಟ’ವಾದ ಮೇಲೆ ಅದರ ಸಿಹಿ ಕರಗಿಹೋಗಿ ‘ರುಚಿಯಾದ’ ಎಂಬ ಅರ್ಥವಷ್ಟೇ ಉಳಿದಿದೆ. ಅದಕ್ಕೇ ನಾವು ‘ಸ್ವಾದಿಷ್ಟವಾದ ಮೆಣಸಿನಕಾಯಿ ಭಜಿ’ ಎಂದರೆ ಯಾರೂ ನಗುವುದಿಲ್ಲ. ಶಬ್ದಗಳ ಅರ್ಥ ಬದಲಾಗುವುದು ಇಂಗ್ಲಿಷಿನ ಹುಚ್ಚಾಟವಲ್ಲ. ನಮ್ಮ ಊಟದ ತಾಟಿನಲ್ಲಿಯೇ ಅದು ನಡೆದಿದೆ.

ಸಕ್ಕರೆಗಿಂತ ಹಿರಿಯ ಶಬ್ದ

ಇಂಗ್ಲೆಂಡಿನ ಜನ ‘ಸ್ವೀಟ್’ ಎನ್ನತೊಡಗಿದಾಗ ಅವರಿಗೆ ಸಕ್ಕರೆಯೇ ಗೊತ್ತಿರಲಿಲ್ಲ. ಜೇನು ಮತ್ತು ಹಣ್ಣು, ಇವೇ ಅವರ ಸಿಹಿ. ಸಕ್ಕರೆ ಹೋದದ್ದು ನಮ್ಮ ಕಡೆಯಿಂದ, ಹೆಸರೂ ನಮ್ಮದೇ. ಸಂಸ್ಕೃತದ ‘ಶರ್ಕರಾ’ ಎಂದರೆ ಮೊದಲಿಗೆ ಸಣ್ಣ ಹರಳು, ಗರಸು. ಹರಳಾಗಿ ಕಾಣುವ ಕಬ್ಬಿನ ಸಕ್ಕರೆಗೂ ಅದೇ ಹೆಸರಾಯಿತು. ಅದು ಪರ್ಶಿಯನ್ನರಲ್ಲಿ ‘ಶಕರ್’, ಅರಬರಲ್ಲಿ ‘ಸುಕ್ಕರ್’ ಆಗಿ, ಫ್ರಾನ್ಸಿನ ಹಾದಿಯಾಗಿ ಇಂಗ್ಲಿಷಿನ ‘ಶುಗರ್’ ಆಯಿತು. ಕಲ್ಲುಸಕ್ಕರೆಯ ‘ಖಂಡ’ವೇ ಅಮೆರಿಕದ ಮಕ್ಕಳ ಬಾಯಲ್ಲಿ ‘ಕ್ಯಾಂಡಿ’. ನಮ್ಮ ಉತ್ತರ ಕರ್ನಾಟಕದ ಅಜ್ಜಿಯ ‘ಸಕ್ರಿ’ ಮತ್ತು ಲಂಡನ್ನಿನ ಅಂಗಡಿಯ ‘ಶುಗರ್’ ಒಂದೇ ತಾಯಿಯ ಮಕ್ಕಳು.

ಸಕ್ಕರೆ ಅಲ್ಲಿನ ಸಾಮಾನ್ಯರ ಮನೆಗೆ ಮುಟ್ಟಿದ್ದು 18ನೆಯ ಶತಮಾನದ ಹೊತ್ತಿಗೆ. ಅದಕ್ಕೆ ಮೊದಲೇ ‘ಸ್ವೀಟ್’ ಎಂಬುದು ನಾಲಿಗೆಗೆ, ಮೂಗಿಗೆ, ಕಿವಿಗೆ, ಮನಸ್ಸಿಗೆ ಹಿತವಾದ ಎಲ್ಲವನ್ನೂ ಸೂಚಿಸುವ ದೊಡ್ಡ ಶಬ್ದವಾಗಿತ್ತು. ಹಿತವಾದದ್ದು ಎಂದರೇನು? ಕೆಡದೆ ಇರುವುದು, ಉಪ್ಪಾಗದೆ, ಹುಳಿಯಾಗದೆ, ಕಹಿಯಾಗದೆ ಇರುವುದು. ಈ ಸೂಕ್ಷ್ಮವನ್ನು ಹಿಡಿದರೆ ‘ಸ್ವೀಟ್’ನ ಬೀಗ ತೆರೆದಂತೆಯೇ ಸರಿ. ಅನೇಕ ಕಡೆ ಈ ಗುಣವಾಚಕ ಏನು ಇದೆ ಎಂದು ಹೇಳುವುದಿಲ್ಲ. ಏನು ಇಲ್ಲ ಎಂದು ಹೇಳುತ್ತದೆ.

‘ಸ್ವೀಟ್ ಮಿಲ್ಕ್’ ಎಂದರೆ ಹುಳಿಯಾಗದ ತಾಜಾ ಹಾಲು. ‘ಸ್ವೀಟ್ ಬಟರ್’ ಎಂದರೆ ಉಪ್ಪು ಬೆರೆಸದ ಬೆಣ್ಣೆ. ಕರಿಬೇವನ್ನು ‘ಸ್ವೀಟ್ ನೀಮ್’ ಎನ್ನುವುದುಂಟು. ಅದರಲ್ಲಿ ಸಿಹಿ ಎಲ್ಲಿದೆ? ಬೇವಿನ ಕಹಿ ಇಲ್ಲ, ಅಷ್ಟೇ. ‘ಸ್ವೀಟ್ ವಾಟರ್’ ಎಂದರೆ ಉಪ್ಪಿಲ್ಲದ, ಕುಡಿಯಲು ಯೋಗ್ಯವಾದ ನೀರು. ಇದನ್ನು ನಮ್ಮ ಮಕ್ಕಳಿಗೆ ಇಂಗ್ಲಿಷಿನವರು ಹೇಳಿಕೊಡಬೇಕೆ? ‘ಈ ಬಾವಿ ನೀರು ಸವಳು, ಆ ಬಾವಿ ನೀರು ಸಿಹಿ’ ಎಂದು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಕೊಡ ಹೊತ್ತು ಹೇಳುತ್ತ ಬಂದದ್ದು ಇದೇ ಅರ್ಥದಲ್ಲಿ. ಸಿಹಿನೀರ ಬಾವಿಯಲ್ಲಿ ಯಾರೂ ಸಕ್ಕರೆ ಹುಡುಕುವುದಿಲ್ಲ.

ಕನ್ನಡದ ‘ಸಪ್ಪೆ’ ಎಂಬ ಶಬ್ದವನ್ನೂ ನೋಡಬಹುದು. ‘ಚಾ ಸಪ್ಪಗ ಆಗೈತಿ’ ಎಂದರೆ ಸಕ್ಕರೆ ಬೇಕು. ‘ಸಾರು ಸಪ್ಪಗ ಆಗೈತಿ’ ಎಂದರೆ ಉಪ್ಪು ಬೇಕು. ‘ಯಾಕವಾ, ಮಾರಿ ಸಪ್ಪಗ ಐತಿ’ ಎಂದರೆ ಬೇಕಾದದ್ದು ಸಮಾಧಾನದ ಮಾತು! ಮೂರೂ ಕಡೆ ಶಬ್ದ ಒಂದೇ. ಅದರ ಪಕ್ಕದಲ್ಲಿ ಕುಳಿತ ಶಬ್ದ ಅರ್ಥವನ್ನು ತೀರ್ಮಾನಿಸುತ್ತದೆ. ಮನೆಮಾತಿನಲ್ಲಿ ಈ ಜಾಣ್ಮೆ ಇರುವ ಮಗು ಇಂಗ್ಲಿಷಿಗೆ ಹೋದಾಗ ಮಾತ್ರ ಅದನ್ನು ಹೊಸ್ತಿಲಾಚೆ ಬಿಟ್ಟುಹೋಗುತ್ತದೆ.

ಮಣ್ಣು, ಎಣ್ಣೆ, ಬ್ಯಾಟು

ಈಗ ಆ ಸಿಹಿ ಮಣ್ಣಿನ ವಿಚಾರ. ಪಾಶ್ಚಾತ್ಯ ದೇಶಗಳ ರೈತರು ಆಮ್ಲೀಯ ಮಣ್ಣನ್ನು ‘ಸಾವರ್’, ಅಂದರೆ ಹುಳಿಮಣ್ಣು ಎನ್ನುತ್ತಾರೆ. ಸುಣ್ಣ ಹಾಕಿ ಆಮ್ಲ ಕಳೆದರೆ ಮಣ್ಣು ‘ಸ್ವೀಟ್’ ಆಯಿತೆಂದು ಲೆಕ್ಕ. ಮಲೆನಾಡು, ಕರಾವಳಿಗಳ ಹುಳಿಮಣ್ಣಿಗೆ ಈ ಉಪಾಯ ಸರಿ. ಘಟಪ್ರಭೆ, ಕೃಷ್ಣೆಯರ ದಂಡೆಯ ಕಪ್ಪು ಮಣ್ಣಿಗೆ? ಇಲ್ಲಿನ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಇದೆ; ಇಲ್ಲಿಯ ಕಷ್ಟ ಹುಳಿಯದಲ್ಲ, ಕಬ್ಬಿಗೆ ಅತಿಯಾಗಿ ನೀರು ಬಿಟ್ಟು ಬಂದ ಸವಳು-ಜವಳಿನದು. ಕ್ಷಾರ ಏರಿದ ಹೊಲಕ್ಕೆ ತಜ್ಞರು ಹೇಳುವುದು ಜಿಪ್ಸಂ ಮತ್ತು ಬಸಿಗಾಲುವೆ. ‘ಮಣ್ಣನ್ನು ಸ್ವೀಟ್ ಮಾಡಬೇಕು’ ಎಂಬ ಇಂಗ್ಲಿಷ್ ವಾಕ್ಯವನ್ನು ಓದಿದ ಮಗ ‘ಸುಣ್ಣ ಹಾಕೋಣ ಅಪ್ಪಾ’ ಎಂದರೆ ಖರ್ಚೂ ದಂಡ, ಹೊಲಕ್ಕೂ ಲಾಭವಿಲ್ಲ. ಒಂದು ಗುಣವಾಚಕದ ಅರ್ಥ ಹೀಗೆ ಹೊಲದವರೆಗೂ ಬರಬಲ್ಲದು.

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುವ ‘ಸ್ವೀಟ್ ಕ್ರೂಡ್’ ಎಂದರೆ ಗಂಧಕದ ಅಂಶ ಶೇಕಡಾ 0.5ಕ್ಕಿಂತ ಕಡಿಮೆ ಇರುವ ಕಚ್ಚಾ ತೈಲ. ಗಂಧಕ ಹೆಚ್ಚಿದ್ದರೆ ಅದು ‘ಸಾವರ್’. ತೈಲ ಹುಡುಕುವವರು ಒಂದು ಕಾಲದಲ್ಲಿ ಅದನ್ನು ಮೂಸಿ, ನಾಲಿಗೆಗೆ ತಾಗಿಸಿ ಪರೀಕ್ಷಿಸುತ್ತಿದ್ದರಂತೆ. ಅಲ್ಲಿಂದ ಬಂದ ಹೆಸರಿದು. ಕ್ರಿಕೆಟ್ ಬ್ಯಾಟಿನ ‘ಸ್ವೀಟ್ ಸ್ಪಾಟ್’ ಮಕ್ಕಳಿಗೆ ಗೊತ್ತಿರುವುದೇ. ಚೆಂಡು ಆ ಜಾಗಕ್ಕೆ ತಾಗಿದರೆ ಬ್ಯಾಟು ಕಡಿಮೆ ಕಂಪಿಸುತ್ತದೆ, ಕೈ ಜುಮ್ಮೆನ್ನುವುದಿಲ್ಲ, ಚೆಂಡು ಹಗುರಾಗಿ ಹಾರಿಹೋಗುತ್ತದೆ. ಇಲ್ಲಿಯೂ ‘ಸ್ವೀಟ್’ ಎಂದರೆ ಒಂದು ಕಿರಿಕಿರಿ ಇಲ್ಲದಿರುವುದು.

ಎಲ್ಲ ಕಡೆಯೂ ಇದೇ ಸೂತ್ರ ನಡೆಯುತ್ತದೆಯೇ? ಇಲ್ಲ. ಸಕ್ಕರೆ ಕಾರ್ಖಾನೆಯೊಳಗೆ ಕಾಲಿಟ್ಟೊಡನೆ ‘ಸ್ವೀಟ್ ವಾಟರ್’ನ ಅರ್ಥ ತಲೆಕೆಳಗಾಗುತ್ತದೆ. ಅಲ್ಲಿ ಶೋಧಕಗಳನ್ನು ತೊಳೆದಾಗ ಬರುವ, ಅಷ್ಟಿಷ್ಟು ಸಕ್ಕರೆ ಕರಗಿದ ನೀರಿಗೆ ಆ ಹೆಸರು. ಸಾಬೂನು ಕಾರ್ಖಾನೆಗಳಿಗೆ ಹೋದರೆ ಗ್ಲಿಸರಿನ್ ಬೆರೆತ ನೀರು ‘ಸ್ವೀಟ್ ವಾಟರ್’. ಊರ ಬಾವಿಯದು ಒಂದು, ಸಕ್ಕರೆ ಕಾರ್ಖಾನೆಯದು ಒಂದು, ಸಾಬೂನಿನದು ಒಂದು. ಹೆಸರು ಒಂದೇ, ನೀರು ಮೂರು! ಯಾರು, ಎಲ್ಲಿ ಆಡಿದ ಮಾತು ಎಂದು ಕೇಳದೆ ಅರ್ಥ ಹೇಳಲು ಬರುವುದಿಲ್ಲ.

ಮನುಷ್ಯರ ಮಾತಿನಲ್ಲಿ

ಮಕರ ಸಂಕ್ರಮಣದಂದು ನಮ್ಮಲ್ಲಿ ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು’ ಎನ್ನುತ್ತೇವೆ. ನಾಲಿಗೆಯ ಸಿಹಿ ಮಾತಿಗೆ, ಮಾತಿನ ಸಿಹಿ ಗುಣಕ್ಕೆ ಹರಿದುಬರುವುದು ಎಲ್ಲ ಭಾಷೆಗಳ ಹಾದಿ. ಸಹಾಯ ಮಾಡಿದವರಿಗೆ ಇಂಗ್ಲಿಷಿನಲ್ಲಿ ‘ದಟ್ಸ್ ಸ್ವೀಟ್ ಆಫ್ ಯೂ’ ಎಂದರೆ ‘ನಿಮ್ಮದು ಒಳ್ಳೆಯ ಮನಸ್ಸು’ ಎಂದು. ಪ್ರಿಯರಾದವರು ‘ಸ್ವೀಟ್‌ಹಾರ್ಟ್’, ನಮ್ಮ ‘ಇನಿಯ’ ಶಬ್ದವೂ ‘ಇನಿ’, ಅಂದರೆ ಸಿಹಿ ಎಂಬುದರಿಂದಲೇ ಬಂದದ್ದು. ಇನಿದನಿ ಎಂದರೆ ‘ಸ್ವೀಟ್ ವಾಯ್ಸ್’. ‘ಸ್ವೀಟ್ ಮೆಮೊರೀಸ್’ಗೆ ‘ಸಿಹಿ ಜ್ಞಾಪಕ’ ಎನ್ನುವುದಕ್ಕಿಂತ ‘ಸವಿನೆನಪು’ ಎನ್ನುವುದೇ ಕನ್ನಡದ ಜಾಯಮಾನ. ಇಂಗ್ಲಿಷಿನ ಒಂದು ಶಬ್ದಕ್ಕೆ ಕನ್ನಡದಲ್ಲಿ ಸಿಹಿ, ಸವಿ, ಇನಿ, ಇಂಪು ಎಂದು ಬೇರೆ ಬೇರೆ ಪಾತ್ರೆಗಳಿವೆ ಎಂಬುದನ್ನು ಗಮನಿಸಬೇಕು.

ಹಾಗೆಂದು ‘ಸ್ವೀಟ್’ ಯಾವಾಗಲೂ ಮೆಚ್ಚುಗೆಯಲ್ಲ. ‘ಸ್ವೀಟ್ ಟಾಕ್’ ಎಂದರೆ ಕೆಲಸ ಸಾಧಿಸಲು ಆಡುವ ಬೆಣ್ಣೆ ಮಾತು. ‘ಅವನು ತನ್ನ ಸ್ವೀಟ್ ಟೈಮ್ ತೆಗೆದುಕೊಂಡ’ ಎಂದರೆ ಬೇರೆಯವರ ಅವಸರ ಲೆಕ್ಕಿಸದೆ ತನಗೆ ಬೇಕಾದಷ್ಟು ತಡಮಾಡಿದ ಎಂಬ ಬೈಗುಳ. ಇನ್ನು ‘ಸ್ವೀಟ್ ಪೊಟ್ಯಾಟೊ’ದಲ್ಲಿ ಅದು ಗುಣವನ್ನೂ ಮೀರಿ ಹೆಸರಿನ ಭಾಗವೇ ಆಗಿಬಿಟ್ಟಿದೆ. ಅದು ನಮ್ಮ ಗೆಣಸು. ಬಟಾಟೆಗೂ ಅದಕ್ಕೂ ಸಸ್ಯಶಾಸ್ತ್ರದಲ್ಲಿ ಕುಟುಂಬವೇ ಬೇರೆ.

ನಾವು ಕನ್ನಡಿಗರು ಈ ಶಬ್ದವನ್ನು ತಂದುಕೊಂಡು ಸುಮ್ಮನಿದ್ದೇವೆಯೇ? ‘ನೌಕರಿ ಹತ್ತೇತಲ್ಲ, ಸ್ವೀಟ್ ಎಲ್ಲಿ?’ ಎನ್ನುವಾಗ ಗುಣವಾಚಕ ಹೋಗಿ ಪೇಢೆ, ಕುಂದಾ, ಲಾಡುಗಳ ನಾಮಪದ ಬಂದಿದೆ. ‘ಶುಗರ್’ ಶಬ್ದದ ಪಾಡು ಇನ್ನೂ ವಿಚಿತ್ರ. ‘ನಮ್ಮ ಕಾಕಾಗ ಶುಗರ್ ಐತಿ’ ಎಂದರೆ ಮನೆಯಲ್ಲಿ ಸಕ್ಕರೆ ದಾಸ್ತಾನಿದೆ ಎಂದು ಯಾರೂ ತಿಳಿಯುವುದಿಲ್ಲ; ಅದು ರೋಗದ ಹೆಸರು. ಈ ರೋಗಕ್ಕೆ ನಮ್ಮ ಪ್ರಾಚೀನ ವೈದ್ಯರು ಕೊಟ್ಟ ಹೆಸರು ಮಧುಮೇಹ. ಲ್ಯಾಟಿನ್ ಹೆಸರಿನ ‘ಮೆಲ್ಲಿಟಸ್’ ಎಂಬುದೂ ‘ಜೇನಿನಂತೆ ಸಿಹಿಯಾದ’ ಎಂಬ ಗುಣವಾಚಕವೇ.

ನಾಲಿಗೆಯ ತೀರ್ಪು ಸಾಲದು

ವಿಜ್ಞಾನಕ್ಕೆ ಬಂದರೆ ‘ಸ್ವೀಟ್’ ಎಂಬುದು ಪದಾರ್ಥದ ಹೆಸರಲ್ಲ, ನಾಲಿಗೆಯ ಅನುಭವ. ನಮ್ಮ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ವಿಶೇಷ ಪ್ರೋಟೀನುಗಳಿವೆ. ಬೆಕ್ಕಿನಲ್ಲಿ ಅವುಗಳಲ್ಲೊಂದು ತಯಾರಾಗುವುದೇ ಇಲ್ಲ. ಆದ್ದರಿಂದ ಬೆಕ್ಕಿಗೆ ಸಕ್ಕರೆಯ ರುಚಿ ತಿಳಿಯದು. ಆ ಪ್ರೋಟೀನಿಗೆ ಸರಿಯಾಗಿ ಕೂಡುವ ಯಾವ ವಸ್ತುವಾದರೂ ಸಿಹಿಯೇ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಫಾಲ್‌ಬರ್ಗ್ ತನ್ನ ಕೈಗೆ ಅಂಟಿದ ವಸ್ತು ವಿಪರೀತ ಸಿಹಿಯಾಗಿದ್ದುದನ್ನು ಊಟದ ಹೊತ್ತಿನಲ್ಲಿ ಕಂಡುಕೊಂಡ. ಅದೇ ಸ್ಯಾಕರಿನ್. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ, ಆದರೆ ಸಕ್ಕರೆಯಲ್ಲ.

ಸಿಹಿಯಾದದ್ದೆಲ್ಲ ಹಿತವೂ ಅಲ್ಲ. ಸೀಸದ ಅಸಿಟೇಟ್ ಎಂಬ ವಿಷಕ್ಕೆ ‘ಸೀಸದ ಸಕ್ಕರೆ’ ಎಂದೇ ಹಳೆಯ ಹೆಸರು. ಗ್ಲೂಕೋಸ್, ಗ್ಲಿಸರಿನ್, ಗ್ಲೈಕಾಲ್ ಇವೆಲ್ಲ ಸಿಹಿ ಎಂಬರ್ಥದ ಒಂದೇ ಗ್ರೀಕ್ ಬೇರಿನಿಂದ ಬಂದ ಹೆಸರುಗಳು. ಆದರೆ ಗ್ಲೂಕೋಸ್ ದೇಹಕ್ಕೆ ಇಂಧನ, ಡೈಇಥಿಲೀನ್ ಗ್ಲೈಕಾಲ್ ಮೂತ್ರಪಿಂಡಕ್ಕೆ ಮೃತ್ಯು. 1937ರಲ್ಲಿ ಅಮೆರಿಕದಲ್ಲಿ ಈ ಸಿಹಿ ದ್ರವದಲ್ಲಿ ಔಷಧ ಕರಗಿಸಿ ಮಾರಿದ್ದರಿಂದ 100ಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳ ಸಾವಿಗೂ ಇಂಥ ಗ್ಲೈಕಾಲ್ ಬೆರೆತ ಸಿರಪ್ಪನ್ನೇ ಸಂಶಯಿಸಲಾಯಿತು. ‘ಸಿಹಿ ಐತಿ, ಕುಡಿ’ ಎಂದು ಮಗುವಿಗೆ ವೈದ್ಯರನ್ನು ಕೇಳದೆ ಸಿರಪ್ ಕುಡಿಸುವ ಪಾಲಕರು ಇದನ್ನು ಮರೆಯಬಾರದು.

ಈ ಕಾರಣದಿಂದಲೇ ಕಾರ್ಖಾನೆ ನಾಲಿಗೆಯನ್ನು ನಂಬುವುದಿಲ್ಲ, ಅಳತೆಯನ್ನು ನಂಬುತ್ತದೆ. ಕಬ್ಬು ಮಾಗಿದೆಯೇ ಎಂದು ನೋಡಲು ಗದ್ದೆಯಲ್ಲಿಯೇ ಪುಟ್ಟ ರಿಫ್ರ್ಯಾಕ್ಟೋಮೀಟರಿನಲ್ಲಿ ರಸದ ‘ಬ್ರಿಕ್ಸ್’ ನೋಡುತ್ತಾರೆ. ರಸದಲ್ಲಿ ಒಟ್ಟು ಕರಗಿದ ಪದಾರ್ಥ ಎಷ್ಟೆಂಬುದರ ಅಂದಾಜು ಅದು. ಅದರಲ್ಲಿ ಸಕ್ಕರೆ ಎಷ್ಟೆಂದು ತಿಳಿಯಲು ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಬೇಕು. ಕೊನೆಗೆ ಕಬ್ಬಿನಿಂದ ಶೇಕಡಾ ಎಷ್ಟು ಸಕ್ಕರೆ ಕೈಗೆ ಬಂತು ಎಂಬುದೇ ‘ರಿಕವರಿ’. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ಕಬ್ಬಿನ ದರ, ಶೇಕಡಾ 10.25 ರಿಕವರಿಗೆ, ಕ್ವಿಂಟಲಿಗೆ 355 ರೂಪಾಯಿ. ರಿಕವರಿ ಏರಿದಂತೆ ದರವೂ ಏರುತ್ತದೆ. ರೈತನ ಮನೆಯಲ್ಲಿ ಸಿಹಿ ಎಂಬುದು ರುಚಿಯಲ್ಲ, ದಶಾಂಶ ಬಿಂದುವಿನ ಆಚೆಗಿನ ಅಂಕಿ ಎಂಬುದು ಈ ಸೀಮೆಯ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

ವಿದ್ಯಾರ್ಥಿಗಳೇನು ಮಾಡಬೇಕು?

ಹೊಸ ಗುಣವಾಚಕ ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಒಂದು, ಇದರ ಪಕ್ಕದಲ್ಲಿರುವ ನಾಮಪದ ಯಾವುದು? ಎರಡು, ಆ ಜಾಗದಲ್ಲಿ ಇದರ ವಿರುದ್ಧ ಶಬ್ದ ಯಾವುದು? ಮೂರು, ಈ ಮಾತನ್ನು ಆಡುತ್ತಿರುವವರು ಯಾರು: ರೈತರೋ, ರಸಾಯನಶಾಸ್ತ್ರದವರೋ, ಗೆಳೆಯರೋ? ನೀರಿನ ಮುಂದೆ ‘ಸ್ವೀಟ್’ನ ವಿರುದ್ಧ ಉಪ್ಪು, ಹಾಲಿನ ಮುಂದೆ ಹುಳಿ, ಬೇವಿನ ಮುಂದೆ ಕಹಿ, ತೈಲದ ಮುಂದೆ ಗಂಧಕ, ದನಿಯ ಮುಂದೆ ಕರ್ಕಶ. ವಿರುದ್ಧ ಶಬ್ದ ಸಿಕ್ಕಿತೆಂದರೆ ಅರ್ಥ ತಾನಾಗಿ ಬರುತ್ತದೆ. ಶಬ್ದಕೋಶ ತೆರೆದಾಗಲೂ ಮೊದಲ ಅರ್ಥಕ್ಕೇ ಮುಚ್ಚದೆ ಐದಾರು ಅರ್ಥಗಳವರೆಗೆ ಕಣ್ಣಾಡಿಸಬೇಕು.

ಪಾಲಕರಿಗೂ ಒಂದು ಮಾತು. ಮಗು ಇಂಗ್ಲಿಷ್ ಕಲಿಯಲಿ ಎಂಬ ಆಸೆಯಿಂದ ಮನೆಯಲ್ಲಿ ಕನ್ನಡವನ್ನು ಕಡಿಮೆ ಮಾಡುವವರಿದ್ದಾರೆ. ಸಿಹಿನೀರು, ಸಪ್ಪೆ ಚಹಾ, ಸವಿನೆನಪು ಎಂಬ ಮಾತುಗಳನ್ನು ಸರಿಯಾಗಿ ಬಲ್ಲ ಮಗುವಿಗೆ ‘ಸ್ವೀಟ್ ವಾಟರ್’ ತಿಳಿಸಲು ಎರಡು ನಿಮಿಷ ಸಾಕು. ಅವುಗಳನ್ನೇ ಕೇಳದ ಮಗುವಿಗೆ ಎರಡೂ ಭಾಷೆಗಳಲ್ಲಿ ಮೊದಲಿನಿಂದ ಹೇಳಬೇಕಾಗುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಆಡುವ ಒಂದೊಂದು ಶಬ್ದಕ್ಕೆ ಎಷ್ಟು ಅರ್ಥಗಳಿವೆಯೆಂದು ಮಕ್ಕಳು ಎಣಿಸಲಿ. ನಾಳೆ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೊಂದು ಸಣ್ಣ ಶಬ್ದ ಬಂದಾಗ, ಅದರ ಅರ್ಥ ಒಂದೇ ಇರಲಿಕ್ಕಿಲ್ಲ ಎಂಬ ಅನುಮಾನ ಅವರಿಗೆ ತಾನಾಗಿಯೇ ಮೂಡುತ್ತದೆ.